ಆರ್‌ಪಿಎಂ ಬಂತು, ಥ್ರೆಡ್ ಬರಲಿಲ್ಲ: ಪುಣೆಯ ಒಂದು ಮನೆ ಲೇತ್‌ಗೆ ಸ್ಪಿಂಡಲ್ ಸೆನ್ಸರ್ ಕೂರಿಸಿದ ಪ್ರಕರಣ

ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ ಹತ್ತಿರದ ಚಿಖಲಿಯಲ್ಲಿ ನನ್ನ ಗೆಳೆಯನ ಮನೆ. ಮೂಲ ಗೋಕಾಕ ಕಡೆ. ಟೂಲ್‌ರೂಮ್‌ನಲ್ಲಿ ಟರ್ನರ್ ಆಗಿ ಬಹಳ ವರ್ಷ ದುಡಿದ ಕೈ ಅವನದು. ಮನೆಯ ಕೆಳಗಿನ ಶಟರ್ ಕೋಣೆಯಲ್ಲಿ ಒಂದು ಹಳೆಯ ಸಣ್ಣ ಲೇತ್ ಇದೆ. ಅವನು ಕೊಂಡಾಗಲೇ ಅದರ ಚೇಂಜ್ ಗೇರ್‌ಗಳಲ್ಲಿ ಅರ್ಧ ಇರಲಿಲ್ಲ, ಲೀಡ್ ಸ್ಕ್ರೂ ಸವೆದು ಹೋಗಿತ್ತು. ಗೇರ್ ಹುಡುಕುತ್ತಾ ಕೂರುವ ಬದಲು ಎರಡೂ ಅಕ್ಷಕ್ಕೆ ಬಾಲ್ ಸ್ಕ್ರೂ, ಸ್ಟೆಪ್ಪರ್ ಮೋಟಾರ್ ಹಾಕಿ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಲೇತ್, ಮಾಡಿದ. ಪ್ಯಾರಲಲ್ ಪೋರ್ಟ್ ಇರುವ ಹಳೆಯ ಕಂಪ್ಯೂಟರ್, ಅದರಲ್ಲಿ ಯಂತ್ರ ನಡೆಸುವ ಲಿನಕ್ಸ್‌ಸಿಎನ್‌ಸಿ ಸಾಫ್ಟ್‌ವೇರ್. ಕೆಲಸದ ತುಂಡನ್ನು ತಿರುಗಿಸುವ ಸ್ಪಿಂಡಲ್‌ಗೆ ಒಂದು ಎಚ್‌ಪಿಯ ತ್ರೀ ಫೇಸ್ ಮೋಟಾರ್, ಮನೆಯ ಸಿಂಗಲ್ ಫೇಸ್‌ನಿಂದ ಅದನ್ನು ಓಡಿಸಲು, ಫ್ರೀಕ್ವೆನ್ಸಿ ಬದಲಿಸಿ ವೇಗ ಹಿಡಿತದಲ್ಲಿಡುವ ಒಂದು ವಿಎಫ್‌ಡಿ. ಮೋಟಾರ್‌ನಿಂದ ಸ್ಪಿಂಡಲ್‌ಗೆ ವಿ-ಬೆಲ್ಟ್. ಪುಲಿ ಎರಡಕ್ಕೆ ಒಂದರಷ್ಟು ವೇಗ ಇಳಿಸುತ್ತದೆ.

ಟರ್ನಿಂಗ್, ಫೇಸಿಂಗ್, ಟೇಪರ್ ಎಲ್ಲ ಚೆನ್ನಾಗಿ ಬರುತ್ತಿತ್ತು. ಆಗ ಹತ್ತಿರದ ಒಂದು ರಸವಂತಿಯವರು (ಕಬ್ಬಿನ ಹಾಲಿನ ಅಂಗಡಿಯವರು) ಕಬ್ಬಿನ ಗಾಣದ ರೋಲರ್ ಶಾಫ್ಟ್ ತಂದುಕೊಟ್ಟರು. ಅದರ ತುದಿಗೆ ಎಂ20, 1.5 ಪಿಚ್‌ನ ಥ್ರೆಡ್ ಬೇಕಿತ್ತು, ಅಂದರೆ 20 ಮಿಲಿಮೀಟರ್ ವ್ಯಾಸ, ಸುತ್ತಿಗೆ 1.5 ಮಿಲಿಮೀಟರ್ ಮುಂದೆ ಹೋಗುವ ಸ್ಕ್ರೂ ಗೆರೆ. ಗೆಳೆಯ ಒಂದು ಎಂ12 ಇಂಡಕ್ಟಿವ್ ಪ್ರಾಕ್ಸಿಮಿಟಿ ಸೆನ್ಸರ್ (ಲೋಹ ಹತ್ತಿರ ಬಂದರೆ ಗುರುತಿಸುವಂಥದ್ದು) ತಂದು, ಸ್ಪಿಂಡಲ್ ಪುಲಿಯ ಮೇಲೆ ಒಂದು ಬೋಲ್ಟ್ ತಲೆ ಎದ್ದು ನಿಲ್ಲುವ ಹಾಗೆ ಮಾಡಿ, ಸುತ್ತಿಗೆ ಒಂದು ಪಲ್ಸ್ ಬರುವಂತೆ ಜೋಡಿಸಿದ. ಸ್ಕ್ರೀನ್ ಮೇಲೆ ಆರ್‌ಪಿಎಂ ಬಂತು. ಕೈ ಟ್ಯಾಕೊಮೀಟರ್ ಹಿಡಿದು ನೋಡಿದರೆ ಅದೇ ಸಂಖ್ಯೆ. ನಂತರ ಥ್ರೆಡ್ ಹಾಕುವ ಕಮಾಂಡ್ ಜಿ76 ಕೊಟ್ಟ. ಟೂಲ್ ಶಾಫ್ಟ್‌ನ ಮುಂದೆ ಬಂದು ನಿಂತುಬಿಟ್ಟಿತು. ಎರರ್ ಇಲ್ಲ, ಅಲಾರಂ ಇಲ್ಲ. ಸ್ಪಿಂಡಲ್ ತಿರುಗುತ್ತಲೇ ಇದೆ.

ಫೋನ್‌ನಲ್ಲಿ ಅವನು ಹೇಳಿದ್ದು ಇಷ್ಟು: "ಆರ್‌ಪಿಎಂ ಬರೋಬ್ಬರಿ ತೋರಸ್ತದ. ಆದ್ರ ಆಟೆ ಹಾಕಂದ್ರ ಸುಮ್ಮ ನಿಂತಬಿಡ್ತದ." ಆಟೆ ಅಂದರೆ ಥ್ರೆಡ್.

ನಾನು ಪ್ಯಾನಲ್ ವೈರಿಂಗ್, ಕಂಟ್ರೋಲ್ ಕೆಲಸದವನು. ಕೈಗಾರಿಕಾ ಪ್ರದೇಶಕ್ಕೆಲ್ಲ ಗುರುವಾರ ರಜೆ, ಹಾಗಾಗಿ ಗುರುವಾರಗಳಲ್ಲಿ ಈ ಕೆಲಸ ನಡೆಯಿತು. ಮನೆಯಲ್ಲಿ ಲೇತ್ ಬದಲಾಯಿಸುವವರು ಹೆಚ್ಚಾಗಿ ಇದೇ ಜಾಗದಲ್ಲಿ ಸಿಕ್ಕಿಬೀಳುತ್ತಾರೆ. ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಯಂತ್ರ ಯಾಕೆ ಕಾಯುತ್ತಿತ್ತು

ಒಂದು ಥ್ರೆಡ್ ಒಂದೇ ಪಾಸ್‌ನಲ್ಲಿ ಮುಗಿಯುವುದಿಲ್ಲ. 1.5 ಪಿಚ್‌ನ ಹೊರ ಥ್ರೆಡ್‌ಗೆ ಆಳ ಸುಮಾರು 0.92 ಮಿಲಿಮೀಟರ್. ಅದನ್ನು ಸ್ವಲ್ಪ ಸ್ವಲ್ಪವಾಗಿ, ಹಲವು ಪಾಸ್‌ಗಳಲ್ಲಿ ಇಳಿಸಬೇಕು. ಪ್ರತಿ ಪಾಸ್‌ನಲ್ಲೂ ಟೂಲ್ ಹಿಂದಿನ ಗೆರೆಯಲ್ಲೇ ಇಳಿಯಬೇಕು. ಅಂದರೆ ಪ್ರತಿ ಸಲವೂ ಸ್ಪಿಂಡಲ್ ಅದೇ ಕೋನದಲ್ಲಿ ಇರುವಾಗ ಹೊರಡಬೇಕು. ಮ್ಯಾನುಯಲ್ ಲೇತ್‌ನಲ್ಲಿ ಥ್ರೆಡ್ ಚೇಸಿಂಗ್ ಡಯಲ್ ನೋಡಿಕೊಂಡು ಹಾಫ್ ನಟ್ ಹಾಕುತ್ತೀವಲ್ಲ, ಅದೇ ಕೆಲಸ.

ಲಿನಕ್ಸ್‌ಸಿಎನ್‌ಸಿಯಲ್ಲಿ ಈ ಕೆಲಸ ಇಂಡೆಕ್ಸ್-ಎನೇಬಲ್ ಅನ್ನುವ ಪಿನ್‌ನದು. ಇದು ಎರಡೂ ಕಡೆ ಮಾತಾಡುವ ಪಿನ್. ಪಾಸ್ ಶುರುವಾಗುವ ಮುಂಚೆ ಮೋಷನ್ ಭಾಗ ಅದನ್ನು ಆನ್ ಮಾಡುತ್ತದೆ. ಸೆನ್ಸರ್ ಪಲ್ಸ್ ಎಣಿಸುವ ಎನ್‌ಕೋಡರ್ ಭಾಗ, ಮುಂದಿನ ಇಂಡೆಕ್ಸ್ ಪಲ್ಸ್ (ಸುತ್ತಿಗೆ ಒಮ್ಮೆ ಬರುವ ಗುರುತು) ಬಂದ ಕ್ಷಣ ಎಣಿಕೆಯನ್ನು ಸೊನ್ನೆ ಮಾಡಿ, ಪಿನ್ ಅನ್ನು ಆಫ್ ಮಾಡುತ್ತದೆ. ಆಫ್ ಆದದ್ದು ಕಂಡ ಮೇಲೆ ಝೆಡ್, ಅಂದರೆ ಟೂಲ್ ಅನ್ನು ಶಾಫ್ಟ್‌ನ ಉದ್ದಕ್ಕೆ ಸರಿಸುವ ಅಕ್ಷ, ಹೊರಡುತ್ತದೆ. ಗೆಳೆಯ ವೇಗದ ಪಿನ್ ಮಾತ್ರ ಜೋಡಿಸಿದ್ದ. ಆನ್ ಮಾಡಿದ ಪಿನ್ ಅನ್ನು ಆಫ್ ಮಾಡುವವರೇ ಇರಲಿಲ್ಲ. ಯಂತ್ರ ತನಗೆ ಹೇಳಿದ್ದನ್ನು ಸರಿಯಾಗಿಯೇ ಮಾಡುತ್ತಿತ್ತು. ಬರದೇ ಇರುವ ಸುದ್ದಿಗೆ ಕಾಯುತ್ತಿತ್ತು.

ಹಾಗಾದರೆ ಅದೇ ಪ್ರಾಕ್ಸಿಮಿಟಿಯನ್ನು ಇಂಡೆಕ್ಸ್‌ಗೂ ಜೋಡಿಸಿದರೆ ಆಯಿತಲ್ವಾ? ಹೊರಡುವುದು ಸರಿ, ಆಮೇಲೆ ಕಷ್ಟ. ಥ್ರೆಡ್ ಹಾಕುವಾಗ ಝೆಡ್ ಅಕ್ಷ ಸ್ಪಿಂಡಲ್‌ನ ಸ್ಥಾನವನ್ನೇ ಹಿಂಬಾಲಿಸುತ್ತದೆ. 300 ಆರ್‌ಪಿಎಂನಲ್ಲಿ ಸುತ್ತಿಗೆ ಒಂದೇ ಪಲ್ಸ್ ಅಂದರೆ 200 ಮಿಲಿಸೆಕೆಂಡಿಗೆ ಒಮ್ಮೆ ಸುದ್ದಿ. ಅಷ್ಟರಲ್ಲಿ ಝೆಡ್ 1.5 ಮಿಲಿಮೀಟರ್ ಹೋಗಿರಬೇಕು. ನಡುವೆ ಏನೂ ಗೊತ್ತಿಲ್ಲ, ಆಮೇಲೆ ಒಂದೇ ಸಲ ಇಡೀ ಸುತ್ತಿನ ನೆಗೆತ. ಸ್ಟೆಪ್ಪರ್ ಅದನ್ನು ತಾಳುವುದಿಲ್ಲ. ನಡುವಿನ ಸ್ಥಾನವನ್ನು ಅಂದಾಜು ಮಾಡಿ ತುಂಬುವ ಸೌಲಭ್ಯ ಇದೆ ನಿಜ. ಆದರೆ ಅದು ವೇಗ ಸಮನಾಗಿದ್ದಾಗ ಮಾತ್ರ ನಂಬಬಹುದಾದದ್ದು. ಟೂಲ್ ಕಚ್ಚಿದ ಕೂಡಲೇ ವೇಗ ಕುಸಿಯುತ್ತದೆ. ನಮಗೆ ಸರಿಯಾದ ಮಾಹಿತಿ ಬೇಕಾಗಿರುವುದೇ ಆಗ.

ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು ಇಷ್ಟೇ. ಡಿಸ್ಪ್ಲೇಗೆ ವೇಗ ಸಾಕು, ಥ್ರೆಡ್‌ಗೆ ಕೋನ ಬೇಕು. ಕೋನ ಸರಿಯಾಗಿ ಸಿಕ್ಕರೆ ವೇಗ ತಾನಾಗಿಯೇ ಸಿಗುತ್ತದೆ. ವೇಗದಿಂದ ಕೋನ ಸಿಗುವುದಿಲ್ಲ.

ವಿಎಫ್‌ಡಿ ತೋರಿಸುವ ಸಂಖ್ಯೆಯನ್ನು ಯಾಕೆ ನಂಬಬಾರದು

ಗೆಳೆಯನ ಮೊದಲ ಪ್ರಶ್ನೆ ಇದೇ ಆಗಿತ್ತು. ವಿಎಫ್‌ಡಿಗೆ ಫ್ರೀಕ್ವೆನ್ಸಿ ಗೊತ್ತು, ಪುಲಿ ಅನುಪಾತ ಗೊತ್ತು, ಲೆಕ್ಕ ಹಾಕಿದರೆ ಸಾಲದಾ?

ಅವನ ಮೋಟಾರ್ ನಾಲ್ಕು ಪೋಲ್‌ನದು. 50 ಹರ್ಟ್ಸ್‌ನಲ್ಲಿ ಕಾಂತಕ್ಷೇತ್ರ 1500 ಸುತ್ತು ತಿರುಗುತ್ತದೆ, ನೇಮ್ ಪ್ಲೇಟ್ ಮೇಲೆ 1440 ಅಂತ ಇದೆ. ಪೂರ್ತಿ ಲೋಡ್‌ನಲ್ಲಿ 60 ಸುತ್ತು ಹಿಂದೆ ಬೀಳುತ್ತದೆ ಅಂತ ಅರ್ಥ. ಜನ ಇದನ್ನು ಶೇಕಡಾ 4 ಅಂದುಕೊಂಡು ಬಿಡುತ್ತಾರೆ. ಆದರೆ ಫ್ರೀಕ್ವೆನ್ಸಿ ಇಳಿಸಿದಾಗ, ಅದೇ ಟಾರ್ಕ್‌ಗೆ ಹಿಂದೆ ಬೀಳುವುದು ಹೆಚ್ಚುಕಡಿಮೆ ಅಷ್ಟೇ ಸುತ್ತು, ಅಷ್ಟೇ ಶೇಕಡಾ ಅಲ್ಲ. 15 ಹರ್ಟ್ಸ್‌ನಲ್ಲಿ ಕಾಂತಕ್ಷೇತ್ರದ ವೇಗ 450. ಅದರಲ್ಲಿ 60 ಹೋದರೆ 390. ಸ್ಪಿಂಡಲ್‌ನಲ್ಲಿ 195. ನೇಮ್ ಪ್ಲೇಟ್ ಇಟ್ಟುಕೊಂಡು ಲೆಕ್ಕ ಹಾಕಿದರೆ ಸ್ಪಿಂಡಲ್ 216 ಇರಬೇಕು. ಆ 216 ನಂಬಿ 1.5 ಪಿಚ್‌ಗೆ ನಿಮಿಷಕ್ಕೆ 324 ಮಿಲಿಮೀಟರ್ ಫೀಡ್ ಕೊಟ್ಟರೆ, ಕಚ್ಚಿದ ಮೇಲೆ ಬರುವ ಪಿಚ್ 1.66. ನಟ್ ಒಂದೆರಡು ಸುತ್ತು ಹೋಗಿ ಹಿಡಿದುಕೊಳ್ಳುತ್ತದೆ. ಬೆಲ್ಟ್ ಜಾರಿದರೆ ಇನ್ನೂ ಬೇರೆ.

ಹಾಗಾಗಿ ಸೆನ್ಸರ್ ಮೋಟಾರ್ ಮೇಲೆ ಬೇಡ, ಸ್ಪಿಂಡಲ್ ಮೇಲೇ ಬೇಕು. ಬೆಲ್ಟ್ ಆಚೆ ಕಡೆ ಅಳೆದದ್ದು ಥ್ರೆಡ್‌ಗೆ ಉಪಯೋಗವಿಲ್ಲ.

ಕೈಯಲ್ಲಿದ್ದ ಎನ್‌ಕೋಡರ್ ಬಿಟ್ಟು ಡಿಸ್ಕ್ ಮಾಡಿಸಿದ್ದು

ಗೆಳೆಯನ ಬಳಿ ಹಳೆ ಸಾಮಾನಿನ ಜೂನಾ ಬಜಾರ್‌ನಲ್ಲಿ ಸಿಕ್ಕ ಒಂದು ಒಳ್ಳೆಯ ರೋಟರಿ ಎನ್‌ಕೋಡರ್ ಇತ್ತು, ಸುತ್ತಿಗೆ 1000 ಪಲ್ಸ್‌ನದು. ಅದನ್ನೇ ಹಾಕುವ ಆಸೆ ಅವನಿಗೆ. ಜಾಸ್ತಿ ಪಲ್ಸ್ ಅಂದರೆ ಜಾಸ್ತಿ ನಿಖರತೆ ಅಂತ ಯಾರಿಗೂ ಅನಿಸುತ್ತದೆ.

ಇಲ್ಲಿ ಲೆಕ್ಕ ಬೇರೆ. ಪ್ಯಾರಲಲ್ ಪೋರ್ಟ್‌ನಲ್ಲಿ ಪಲ್ಸ್ ಎಣಿಸುವುದು ಸಾಫ್ಟ್‌ವೇರ್. ಅವನ ಯಂತ್ರದಲ್ಲಿ ಬೇಸ್ ಥ್ರೆಡ್ (ಸ್ಕ್ರೂವಿನ ಥ್ರೆಡ್ ಅಲ್ಲ, ಸಾಫ್ಟ್‌ವೇರ್ ಮತ್ತೆ ಮತ್ತೆ ಓಡಿಸುವ ಕೆಲಸ) 25 ಮೈಕ್ರೊಸೆಕೆಂಡಿಗೆ ಒಮ್ಮೆ ಪಿನ್‌ಗಳನ್ನು ನೋಡುತ್ತದೆ. ಕಾಲು ಭಾಗ ಹಿಂದುಮುಂದಾಗಿ ಬರುವ ಎ ಮತ್ತು ಬಿ ಎರಡು ಚಾನಲ್‌ಗಳ ಏರಿಳಿತವನ್ನೆಲ್ಲ ಎಣಿಸುವ ಕ್ವಾಡ್ರೇಚರ್ ಎಣಿಕೆಯಲ್ಲಿ 1000 ಪಲ್ಸ್ 4000 ಎಣಿಕೆ ಆಗುತ್ತದೆ. ಸ್ಪಿಂಡಲ್ 720 ಆರ್‌ಪಿಎಂನಲ್ಲಿ, ಅಂದರೆ ಸೆಕೆಂಡಿಗೆ 12 ಸುತ್ತು ತಿರುಗುವಾಗ, ಸೆಕೆಂಡಿಗೆ 48,000 ಎಣಿಕೆ. ಒಂದೊಂದರ ನಡುವೆ 21 ಮೈಕ್ರೊಸೆಕೆಂಡೂ ಇಲ್ಲ. 25ಕ್ಕೆ ಒಮ್ಮೆ ನೋಡುವ ಸಾಫ್ಟ್‌ವೇರ್ ಇದನ್ನು ಕಳೆದುಕೊಳ್ಳುತ್ತದೆ. ಮೆಸಾ ಥರದ ಕಾರ್ಡ್ ಇದ್ದರೆ ಹಾರ್ಡ್‌ವೇರೇ ಎಣಿಸುತ್ತದೆ, ಆಗ 1000 ಪಲ್ಸ್ ಸಲೀಸು. ಅವನ ಹತ್ತಿರ ಅದಿಲ್ಲ. ಜೊತೆಗೆ, ಎನ್‌ಕೋಡರ್ ಅನ್ನು ಟೈಮಿಂಗ್ ಬೆಲ್ಟ್‌ನಿಂದ ಜೋಡಿಸಿದರೆ ಎರಡೂ ಪುಲಿಗೆ ಹಲ್ಲು ಒಂದೇ ಸಮ ಇರಬೇಕು. ಇಲ್ಲದಿದ್ದರೆ ಇಂಡೆಕ್ಸ್ ಸ್ಪಿಂಡಲ್‌ನ ಬೇರೆ ಬೇರೆ ಕೋನದಲ್ಲಿ ಬೀಳುತ್ತದೆ.

ಎಷ್ಟು ಸಾಕು ಅಂತ ಕೆಳಗಿನಿಂದ ಲೆಕ್ಕ ಹಾಕಿದೆವು. ನಾವೇ ಮಾಡಿಸುವ ಡಿಸ್ಕ್‌ನಲ್ಲಿ 60 ಸ್ಲಾಟ್ (ಸೀಳು) ಇದ್ದರೆ 240 ಎಣಿಕೆ. 1.5 ಪಿಚ್‌ನಲ್ಲಿ ಒಂದು ಎಣಿಕೆಗೆ ಝೆಡ್ ಸರಿಯುವುದು 0.00625 ಮಿಲಿಮೀಟರ್. ಈ ಹಳೆಯ ಲೇತ್‌ಗೆ ಅದಕ್ಕಿಂತ ಸಣ್ಣದು ಬೇಕಿಲ್ಲ. 720 ಆರ್‌ಪಿಎಂನಲ್ಲಿ ಎಣಿಕೆಗಳ ನಡುವೆ 347 ಮೈಕ್ರೊಸೆಕೆಂಡ್ ಸಿಗುತ್ತದೆ. ಸಾಫ್ಟ್‌ವೇರ್‌ಗೆ ಒಂದೊಂದು ಸ್ಥಿತಿಯನ್ನು ಹದಿಮೂರು ಹದಿನಾಲ್ಕು ಸಲ ನೋಡುವಷ್ಟು ಬಿಡುವು. ಪುಲಿ ಬದಲಿಸಿ 1440ಕ್ಕೆ ಏರಿಸಿದರೂ ತೊಂದರೆ ಇಲ್ಲ. ಎಣಿಸಲಾಗದ 1000ಕ್ಕಿಂತ ಎಣಿಸಬಲ್ಲ 60 ಎಷ್ಟೋ ವಾಸಿ.

60ಕ್ಕೆ ಇನ್ನೊಂದು ಅನುಕೂಲ ಇದೆ. ಒಂದು ಸ್ಲಾಟ್, ಒಂದು ಹಲ್ಲು ಸೇರಿ ಸರಿಯಾಗಿ 6 ಡಿಗ್ರಿ.

ಡಿಸ್ಕ್‌ನ ಡ್ರಾಯಿಂಗ್ ಮಾಡಿ ಭೋಸರಿಯ ಒಂದು ಲೇಸರ್ ಕಟಿಂಗ್ ಅಂಗಡಿಗೆ ಕೊಟ್ಟೆವು. 1.5 ಮಿಲಿಮೀಟರ್ ಎಂಎಸ್ (ಮೈಲ್ಡ್ ಸ್ಟೀಲ್) ಶೀಟ್, ಹೊರ ವ್ಯಾಸ 100. ಸ್ಲಾಟ್‌ಗಳ ನಡು 48 ಮಿಲಿಮೀಟರ್ ತ್ರಿಜ್ಯದಲ್ಲಿ, ಅಲ್ಲಿ ಸ್ಲಾಟ್ ಎರಡೂವರೆ, ಹಲ್ಲು ಎರಡೂವರೆ ಮಿಲಿಮೀಟರ್. ಒಳಗೆ 40 ತ್ರಿಜ್ಯದಲ್ಲಿ ಇಂಡೆಕ್ಸ್‌ಗೆ 3 ಮಿಲಿಮೀಟರ್‌ನ ಒಂದೇ ಒಂದು ಸ್ಲಾಟ್. ಅಂಚಿನ ಬರ್ ತೆಗೆದು, ಬೆಳಕು ಪ್ರತಿಫಲಿಸದ ಹಾಗೆ ಮ್ಯಾಟ್ ಕಪ್ಪು ಬಣ್ಣ ಹೊಡೆದ. ಸ್ಪಿಂಡಲ್‌ನ ಹಿಂಬದಿಗೆ, ಹಿಂದೆ ಗೇರ್ ಕೂರುತ್ತಿದ್ದ ಜಾಗದಲ್ಲಿ, ಸ್ಪ್ಲಿಟ್ ಕಾಲರ್ ಹಾಕಿ ಬಿಗಿ ಮಾಡಿದ. ಡಯಲ್ ಹಚ್ಚಿ ನೋಡಿದರೆ ಡಿಸ್ಕ್‌ನ ನಡು ಸ್ಪಿಂಡಲ್‌ನ ನಡುವಿಗೆ 0.2 ಮಿಲಿಮೀಟರ್ ತಪ್ಪಿತ್ತು. ಅವನ ಮುಖ ಸಣ್ಣದಾಯಿತು. ಟೂಲ್‌ರೂಮ್‌ನವನಿಗೆ 0.2 ಅಂದರೆ ದೊಡ್ಡ ಅಪರಾಧ. ಆದರೆ 48 ತ್ರಿಜ್ಯದಲ್ಲಿ ಅದು ಕಾಲು ಡಿಗ್ರಿಯಷ್ಟು ಕೋನದ ತಪ್ಪು. 1.5 ಪಿಚ್‌ನಲ್ಲಿ ಸುಮಾರು 0.001 ಮಿಲಿಮೀಟರ್. ಅದೂ ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ಬರುತ್ತದೆ, ಪಾಸ್‌ನಿಂದ ಪಾಸ್‌ಗೆ ಬದಲಾಗುವುದಿಲ್ಲ. ಹಾಗೇ ಬಿಟ್ಟೆವು.

ಬುಧವಾರ ಪೇಠೆಯ ತಪಕೀರ್ ಗಲ್ಲಿಯಿಂದ ಸ್ಲಾಟ್‌ನಿಂದ ಬೆಳಕು ಹಾಯುವುದನ್ನು ಗುರುತಿಸುವ ಮೂರು ಸ್ಲಾಟೆಡ್ ಆಪ್ಟೊ ಸೆನ್ಸರ್ ತಂದೆವು: ಎ, ಬಿ ಮತ್ತು ಇಂಡೆಕ್ಸ್. ಎ ಮತ್ತು ಬಿ ನಡುವೆ ಕಾಲು ಭಾಗದ ಅಂತರ ಬೇಕು, ಅಂದರೆ 1.5 ಡಿಗ್ರಿ. ಆ ತ್ರಿಜ್ಯದಲ್ಲಿ ಅದು 1.26 ಮಿಲಿಮೀಟರ್. ಅಷ್ಟು ಹತ್ತಿರ ಎರಡು ಸೆನ್ಸರ್ ಕೂರುವುದಿಲ್ಲ. ಕೂರಿಸುವ ಅಗತ್ಯವೂ ಇಲ್ಲ. ಐದು ಪೂರ್ತಿ ಸ್ಲಾಟ್ ದಾಟಿ ಕಾಲು ಸೇರಿಸಿದರೆ 31.5 ಡಿಗ್ರಿ. ಸಿಗ್ನಲ್‌ಗೆ ಎರಡೂ ಒಂದೇ. ಬಿ ಸೆನ್ಸರ್‌ನ ಬ್ರಾಕೆಟ್‌ಗೆ ಬಾಗಿದ ಉದ್ದ ತೂತು ಇಟ್ಟು, ಒಂದೆರಡು ಡಿಗ್ರಿ ಆಚೀಚೆ ಸರಿಸುವ ಹಾಗೆ ಮಾಡಿದೆವು.

ಪ್ರಾಕ್ಸಿಮಿಟಿ ಬಿಟ್ಟು ಆಪ್ಟೊ ಯಾಕೆ ಅಂದರೆ, ಎಂ12 ಸೆನ್ಸರ್‌ಗೆ ಎರಡೂವರೆ ಮಿಲಿಮೀಟರ್ ಹಲ್ಲು ಬಹಳ ಸಣ್ಣದು. ಪಕ್ಕದ ಹಲ್ಲು ಕೂಡ ಅದಕ್ಕೆ ಕಾಣುತ್ತದೆ. ಆಪ್ಟೊದ ತೊಂದರೆ ಎಣ್ಣೆ ಮತ್ತು ಧೂಳು. ಸ್ಪಿಂಡಲ್‌ನ ಹಿಂಬದಿ ಚಕ್‌ನಿಂದ ದೂರ, ಆದರೂ ಬೆಲ್ಟ್‌ನ ಕಪ್ಪು ಪುಡಿ ಅಲ್ಲಿಗೂ ಬರುತ್ತದೆ. ಅಲ್ಯುಮಿನಿಯಂ ಶೀಟ್‌ನ ಮುಚ್ಚಿದ ಕವರ್ ಮಾಡಿದ. ಇದು ಬಿಡಬಾರದ ಕೆಲಸ.

ಹಾಲ್‌ಸ್ಕೋಪ್ ಮುಂದೆ

ಆಸಿಲೊಸ್ಕೋಪ್ ಇಲ್ಲದವರು ಇಲ್ಲಿ ಹೆದರಬೇಕಿಲ್ಲ. ಲಿನಕ್ಸ್‌ಸಿಎನ್‌ಸಿಯ ಜೊತೆಗೇ ಬರುವ, ಸಿಗ್ನಲ್ ಅನ್ನು ಸ್ಕ್ರೀನ್ ಮೇಲೆ ಗೆರೆಯಾಗಿ ತೋರಿಸುವ ಹಾಲ್‌ಸ್ಕೋಪ್ ಸಾಕು. ಬೇಸ್ ಥ್ರೆಡ್‌ಗೆ ಹೊಂದಿಸಿದರೆ ಎ, ಬಿ, ಇಂಡೆಕ್ಸ್ ಮೂರನ್ನೂ ಒಂದರ ಕೆಳಗೊಂದು ತೋರಿಸುತ್ತದೆ. ಸ್ಪಿಂಡಲ್ ನಿಧಾನವಾಗಿ ಓಡಿಸಿ, ಗೆಳೆಯ ಬಿ ಬ್ರಾಕೆಟ್ ಅನ್ನು ಕೂದಲೆಳೆಯಷ್ಟು ಸರಿಸುವುದು, ನಿಲ್ಲಿಸಿ ಬಿಗಿ ಮಾಡುವುದು, ಮತ್ತೆ ನೋಡುವುದು. ಎ ಮೇಲಿರುವ ಹೊತ್ತಿನ ನಟ್ಟನಡುವೆ ಬಿ ಏಳಬೇಕು. ಮೊದಲು ಬಿಯ ಅಂಚು ಎಯ ಅಂಚಿಗೆ ಒತ್ತಿಕೊಂಡೇ ಇತ್ತು. ಹಾಗೆ ಬಿಟ್ಟಿದ್ದರೆ ನಿಧಾನ ವೇಗದಲ್ಲಿ ಎಲ್ಲ ಸರಿ ಕಂಡು, ವೇಗ ಏರಿದಾಗ ಎಣಿಕೆ ತಪ್ಪುತ್ತಿತ್ತು.

ನಂತರದ ಜೋಡಣೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಎನ್‌ಕೋಡರ್‌ನ ಸ್ಕೇಲ್ 240. ಸ್ಥಾನದ ಪಿನ್ ಸ್ಪಿಂಡಲ್ ರೆವ್ಸ್‌ಗೆ, ವೇಗದ ಪಿನ್ ಸ್ಪೀಡ್-ಇನ್‌ಗೆ, ಇಂಡೆಕ್ಸ್-ಎನೇಬಲ್ ಎರಡೂ ಕಡೆಗೆ. ಮೊದಲು ಒಂದೇ ಸೆನ್ಸರ್ ಇದ್ದಾಗ ಆನ್ ಮಾಡಿದ್ದ ಕೌಂಟರ್ ಮೋಡ್ ಈಗ ಆಫ್. ಸ್ಪಿಂಡಲ್ ಮುಂದಕ್ಕೆ ತಿರುಗಿಸುವ ಎಂ3 ಕೊಟ್ಟಾಗ ಸ್ಥಾನ ಮೈನಸ್ ಕಡೆ ಹೋಗುತ್ತಿತ್ತು, ಸ್ಕೇಲ್ ಅನ್ನು ಮೈನಸ್ 240 ಮಾಡಿದಾಗ ಸರಿಯಾಯಿತು. ಡಿಸ್ಪ್ಲೇಗೆ ವೇಗವನ್ನು 60ರಿಂದ ಗುಣಿಸಿ, ಸಂಖ್ಯೆ ಕುಣಿಯದ ಹಾಗೆ ಲೋಪಾಸ್ ಫಿಲ್ಟರ್ ಹಾಕಿದೆವು. ಫಿಲ್ಟರ್ ಡಿಸ್ಪ್ಲೇಗೆ ಮಾತ್ರ, ಸ್ಥಾನದ ದಾರಿಯಲ್ಲಿ ಬೇಡ. ಕೇಳಿದ ವೇಗ, ಬಂದ ವೇಗ ಹತ್ತಿರ ಇವೆಯಾ ಅಂತ ನೋಡುವ ನಿಯರ್ ಕಾಂಪೊನೆಂಟ್‌ನಿಂದ ಅಟ್-ಸ್ಪೀಡ್ ಪಿನ್ ಜೋಡಿಸಿದ್ದರಿಂದ, ವಿಎಫ್‌ಡಿ ವೇಗ ಏರಿಸಿ ಮುಗಿಸುವ ತನಕ ಪಾಸ್ ಶುರುವಾಗುವುದಿಲ್ಲ.

ಎರಡನೇ ಗೆರೆ

ಶಾಫ್ಟ್ ಮುಟ್ಟುವ ಮುಂಚೆ ಒಂದು ತುಂಡು ರಾಡ್‌ಗೆ ಮಾರ್ಕಿಂಗ್ ಬ್ಲೂ ಬಳಿದು ಪರೀಕ್ಷೆ ಮಾಡಿದೆವು. ಟೂಲ್ ಬರೀ ಗೀರುವಷ್ಟು ಮುಟ್ಟಿಸಿ, ಸ್ಪಿಂಡಲ್ ಜೊತೆ ಹೆಜ್ಜೆ ಹಾಕುವ ಒಂದೇ ಪಾಸ್‌ನ ಕಮಾಂಡ್ ಜಿ33 ಅನ್ನು ಮತ್ತೆ ಮತ್ತೆ ಓಡಿಸುವುದು. ಎಲ್ಲ ಸರಿ ಇದ್ದರೆ ಎಷ್ಟು ಸಲ ಓಡಿಸಿದರೂ ಒಂದೇ ಗೆರೆ ಕಾಣಬೇಕು. ಭೂತಗನ್ನಡಿಯಲ್ಲಿ ನೋಡಿದರೆ ಹೆಚ್ಚಿನ ಪಾಸ್‌ಗಳು ಒಂದರ ಮೇಲೊಂದು ಕೂತಿದ್ದವು. ಆದರೆ ನಡುವೆ ಎಲ್ಲಿಂದಲೋ ಹೊರಟ ಒಂದು ಬೇರೆ ಗೆರೆ. ಪಿಚ್ ಸರಿಯಾಗಿಯೇ ಇದೆ, ಹೊರಟ ಜಾಗ ಮಾತ್ರ ಬೇರೆ.

ಪಿಚ್ ಸರಿ, ಜಾಗ ತಪ್ಪು ಅಂದರೆ ಎ, ಬಿ ಸರಿ ಇವೆ, ಇಂಡೆಕ್ಸ್ ಸುಳ್ಳು ಹೇಳುತ್ತಿದೆ. ಖಚಿತ ಮಾಡಿಕೊಳ್ಳಲು ಬೆಲ್ಟ್ ಬಿಚ್ಚಿ ಮೋಟಾರ್ ಒಂದನ್ನೇ ಓಡಿಸಿದೆವು. ಸ್ಪಿಂಡಲ್ ಅಲುಗಾಡದೆ ನಿಂತಿದೆ. ಈಗ ಮೂರೂ ಪಿನ್ ಸತ್ತ ಹಾಗೆ ಇರಬೇಕು. ಹಾಲ್‌ಸ್ಕೋಪ್‌ನಲ್ಲಿ ಸಣ್ಣ ಸಣ್ಣ ಮುಳ್ಳುಗಳು ಎದ್ದವು, ಮೂರರಲ್ಲೂ. ವಿಎಫ್‌ಡಿ ಆಫ್ ಮಾಡಿದರೆ ಮಾಯ.

ಎ, ಬಿಯಲ್ಲಿ ಮುಳ್ಳು ಬಂದರೂ ಪಿಚ್ ಯಾಕೆ ಕೆಡಲಿಲ್ಲ? ಕ್ವಾಡ್ರೇಚರ್‌ನ ಒಳ್ಳೆಯ ಗುಣ ಇದು. ಎಯಲ್ಲಿ ಒಂದು ಸುಳ್ಳು ಪಲ್ಸ್ ಬಂದರೆ, ಏರುವಾಗ ಎಣಿಕೆ ಒಂದು ಮುಂದೆ ಹೋಗುತ್ತದೆ, ಇಳಿಯುವಾಗ ಒಂದು ಹಿಂದೆ ಬರುತ್ತದೆ. ಲೆಕ್ಕ ಸರಿಹೋಗುತ್ತದೆ. ಒಂದೇ ಸೆನ್ಸರ್‌ನ ಕೌಂಟರ್ ಮೋಡ್‌ನಲ್ಲಿ ಅದೇ ಸುಳ್ಳು ಸೇರುತ್ತಲೇ ಹೋಗುತ್ತದೆ. ಇಂಡೆಕ್ಸ್‌ಗೆ ಮಾತ್ರ ಈ ರಕ್ಷಣೆ ಇಲ್ಲ. ಕಾಯುತ್ತಿರುವ ಹೊತ್ತಿಗೆ ಒಂದೇ ಒಂದು ಮುಳ್ಳು ಬಂದರೂ ಸಾಕು, ಸೊನ್ನೆ ತಪ್ಪು ಜಾಗದಲ್ಲಿ ಬೀಳುತ್ತದೆ, ಆ ಪಾಸ್ ಕೆಟ್ಟಂತೆ. ಕೆಲಸ ಮುಗಿಯುತ್ತಾ ಬಂದಾಗ ಹೀಗಾದರೆ ಶಾಫ್ಟ್ ಗುಜರಿಗೆ.

ಕಾರಣ ವೈರಿಂಗ್‌ನಲ್ಲೇ ಕಾಣುತ್ತಿತ್ತು. ಸೆನ್ಸರ್‌ನ ವೈರ್ ಸಾದಾ ವೈರ್, ಮೋಟಾರ್ ಕೇಬಲ್‌ಗೆ ಕೇಬಲ್ ಟೈನಿಂದ ಒಟ್ಟಿಗೆ ಕಟ್ಟಿತ್ತು. ಸೆನ್ಸರ್‌ನ ಔಟ್‌ಪುಟ್‌ಗೆ 10 ಕಿಲೊಓಮ್ ಪುಲ್-ಅಪ್ (ಸಿಗ್ನಲ್ ಅನ್ನು ಮೇಲೆ ಎಳೆದು ಹಿಡಿಯುವ ರೆಸಿಸ್ಟರ್), ಅದೂ ಕಂಪ್ಯೂಟರ್ ಕಡೆಯ ತುದಿಯಲ್ಲಿ. ಅಷ್ಟು ದುರ್ಬಲ ಸಿಗ್ನಲ್ ಉದ್ದದ ವೈರ್‌ನಲ್ಲಿ ಬಂದರೆ ವಿಎಫ್‌ಡಿಯ ಸ್ವಿಚಿಂಗ್ ಅದನ್ನು ಸುಲಭವಾಗಿ ಅಲ್ಲಾಡಿಸುತ್ತದೆ.

ಸೆನ್ಸರ್ ಪಕ್ಕದಲ್ಲೇ ಒಂದು ಸಣ್ಣ ಬೋರ್ಡ್ ಹಾಕಿ, ಮೂರು ಸಿಗ್ನಲ್‌ಗಳನ್ನೂ ಸಿಗ್ನಲ್‌ನ ಅಂಚು ಚೊಕ್ಕ ಮಾಡುವ 74ಎಚ್‌ಸಿ14 ಷ್ಮಿಟ್ ಟ್ರಿಗರ್ ಮೂಲಕ ಕಳಿಸಿದೆವು. ಅಲ್ಲಿಂದ ಕಂಪ್ಯೂಟರ್ ತನಕ ಶೀಲ್ಡ್ ಇರುವ ಕೇಬಲ್, ಶೀಲ್ಡ್‌ಗೆ ಅರ್ಥ್ ಒಂದೇ ತುದಿಯಲ್ಲಿ. ಮೋಟಾರ್ ಕೇಬಲ್ ಬೆಡ್‌ನ ಒಂದು ಬದಿ, ಸೆನ್ಸರ್ ಕೇಬಲ್ ಇನ್ನೊಂದು ಬದಿ. ಬ್ರೇಕ್‌ಔಟ್ ಬೋರ್ಡ್‌ನ ಇನ್‌ಪುಟ್‌ನಲ್ಲಿದ್ದ ಪಿಸಿ817 ಆಪ್ಟೊಕಪ್ಲರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಚಿಪ್) ಅಂಚುಗಳನ್ನು ಮೊಂಡು ಮಾಡುತ್ತಿತ್ತು. ಆ ಮೂರು ಲೈನ್‌ಗೆ ವೇಗದ 6ಎನ್137 ಹಾಕಿದೆವು.

ಮತ್ತೆ ಬೆಲ್ಟ್ ಬಿಚ್ಚಿ ಪರೀಕ್ಷೆ. ಮೂರೂ ಗೆರೆ ನೆಟ್ಟಗೆ ಮಲಗಿದ್ದವು. ಬೆಲ್ಟ್ ಹಾಕಿ, ಇಂಡೆಕ್ಸ್‌ನಿಂದ ಇಂಡೆಕ್ಸ್‌ಗೆ ಎಷ್ಟು ಎಣಿಕೆ ಅಂತ ನೋಡಿದೆವು. ಪ್ರತಿ ಸುತ್ತಿಗೂ 240. ವೇಗ ಏರಿಸಿದರೂ, ಇಳಿಸಿದರೂ 240. ನಾನು ಯಾರಿಗಾದರೂ ಒಂದೇ ಪರೀಕ್ಷೆ ಹೇಳಬೇಕಾದರೆ ಇದನ್ನೇ ಹೇಳುತ್ತೇನೆ. ಡಿಸ್ಪ್ಲೇಯ ಆರ್‌ಪಿಎಂ ಸರಿ ಇದ್ದೂ ಈ ಸಂಖ್ಯೆ ತಪ್ಪಬಹುದು. ಈ ಸಂಖ್ಯೆ ಸರಿ ಇದ್ದರೆ ಆರ್‌ಪಿಎಂ ತಪ್ಪುವುದಿಲ್ಲ.

ಶಾಫ್ಟ್

ಬ್ಲೂ ಬಳಿದ ರಾಡ್ ಮೇಲೆ ಈಗ ಒಂದೇ ಗೆರೆ. ನಂತರ ಅದೇ ರಾಡ್ ಮೇಲೆ ಪೂರ್ತಿ ಥ್ರೆಡ್. ಟೂಲ್ ಕಚ್ಚಿದಾಗ ಸ್ಪಿಂಡಲ್‌ನ ವೇಗ ಇಳಿಯುವುದು ಡಿಸ್ಪ್ಲೇಯಲ್ಲಿ ಕಾಣುತ್ತಿತ್ತು, ಜೊತೆಗೇ ಝೆಡ್ ಕೂಡ ಅಷ್ಟೇ ನಿಧಾನವಾಗುತ್ತಿತ್ತು. ಪಿಚ್ ಗೇಜ್ ಇಟ್ಟು ಬೆಳಕಿಗೆ ಹಿಡಿದರೆ ಸಂದು ಕಾಣಲಿಲ್ಲ. ನಟ್ ಕೈಯಿಂದಲೇ ಕೊನೆಯ ತನಕ ಹೋಯಿತು.

ಶಾಫ್ಟ್‌ಗೆ ಹಾಕುವಾಗ ಗೆಳೆಯ ಎರಡು ವಿಷಯ ಜಾಗ್ರತೆ ಮಾಡಿದ. ಟೂಲ್ ಶಾಫ್ಟ್‌ನ ತುದಿಯಿಂದ ಸಾಕಷ್ಟು ಹೊರಗಿನಿಂದಲೇ ಹೊರಡುವಂತೆ ಇಟ್ಟ. ಝೆಡ್ ನಿಂತ ಜಾಗದಿಂದ ಸ್ಪಿಂಡಲ್‌ನ ಹೆಜ್ಜೆಗೆ ಕೂಡಿಕೊಳ್ಳಲು ಸ್ವಲ್ಪ ದೂರ ಬೇಕು, ಆ ದೂರ ಗಾಳಿಯಲ್ಲೇ ಮುಗಿಯಬೇಕು. ಇನ್ನೊಂದು, ಪಾಸ್‌ಗಳ ನಡುವೆ ವೇಗ ಮುಟ್ಟಲಿಲ್ಲ. ವೇಗ ಬದಲಾದರೆ ಕೂಡಿಕೊಳ್ಳುವ ದೂರವೂ ಬದಲಾಗುತ್ತದೆ, ಗೆರೆ ಸರಿಯುತ್ತದೆ. ಥ್ರೆಡ್ ಹಾಕಿದ ಶಾಫ್ಟ್ ಈಗ ಆ ಗಾಣದಲ್ಲಿ ಓಡುತ್ತಿದೆ.

ಸೆನ್ಸರ್‌ನಿಂದ ಸಿಕ್ಕ ಇನ್ನೊಂದು ಲಾಭ ನನಗೆ ಥ್ರೆಡ್‌ನಷ್ಟೇ ಮುಖ್ಯ ಅನಿಸುತ್ತದೆ. ಕಮಾಂಡ್ ಕೊಟ್ಟ ವೇಗದ ಅರ್ಧಕ್ಕಿಂತ ಕೆಳಗೆ ಸ್ಪಿಂಡಲ್ ಇಳಿದರೆ ಫೀಡ್ ನಿಲ್ಲುವ ಹಾಗೆ ಫೀಡ್-ಇನ್‌ಹಿಬಿಟ್ ಪಿನ್ ಜೋಡಿಸಿದೆವು. ಮೊದಲು ಬೆಲ್ಟ್ ಜಾರಿ ಚಕ್ ನಿಂತರೂ ಸಾದಾ ಟರ್ನಿಂಗ್‌ನಲ್ಲಿ ಟೂಲ್ ಮುಂದೆ ಹೋಗುತ್ತಲೇ ಇತ್ತು, ಇನ್ಸರ್ಟ್ ಮುರಿಯುತ್ತಿತ್ತು. ಈಗ ಅದೂ ನಿಲ್ಲುತ್ತದೆ.

ಜಿ96ರ ಕೆಲಸ ಬಾಕಿ ಇದೆ. ವ್ಯಾಸ ಬದಲಾದಂತೆ ಆರ್‌ಪಿಎಂ ಬದಲಿಸಿ, ಕತ್ತರಿಸುವ ವೇಗ ಒಂದೇ ಸಮ ಇಡುವ ಕಮಾಂಡ್ ಅದು. 40 ಮಿಲಿಮೀಟರ್ ವ್ಯಾಸಕ್ಕೆ ನಿಮಿಷಕ್ಕೆ 100 ಮೀಟರ್ ಅಂದರೆ ಸುಮಾರು 796 ಆರ್‌ಪಿಎಂ, ಫೇಸಿಂಗ್ ಮಾಡುತ್ತಾ ನಡುವಿಗೆ ಹೋದಂತೆ ಏರುತ್ತಲೇ ಹೋಗುತ್ತದೆ. ಅವನ ಚಕ್ ಹಳೆಯ ಬೀಡು ಕಬ್ಬಿಣದ್ದು. ಅದರ ಮೇಲೆ ಬರೆದಿರುವ ಗರಿಷ್ಠ ವೇಗಕ್ಕಿಂತ ಕೆಳಗೆ ಡಿ ಮಿತಿ (ಗರಿಷ್ಠ ಆರ್‌ಪಿಎಂ) ಹಾಕಿಯೇ ಜಿ96 ಬಳಸಬೇಕು ಅಂತ ಹೇಳಿದ್ದೇನೆ. ಅದಕ್ಕೆ ವಿಎಫ್‌ಡಿಯ ಅನಲಾಗ್ ಇನ್‌ಪುಟ್ ಅನ್ನು ಹೊಸ ಸೆನ್ಸರ್ ನೋಡಿಕೊಂಡು ಮೊದಲು ಸರಿಯಾಗಿ ಹೊಂದಿಸಬೇಕು. ಸದ್ಯ ಅವನು ಅದರಲ್ಲೇ ಇದ್ದಾನೆ.